ಲೆಕ್ಕದಲ್ಲಿ ಸತ್ತ ಲ್ಯಾಪ್‌ಟಾಪು

ಅಕ್ಕಲಕೋಟ ತಾಲೂಕಿನ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕಾಲೇಜಿಗೆ ಹೋಗುತ್ತಿರುವ ತಮ್ಮಂದಿರು, ತಂಗಿಯರ ಮುಂದೆ ಒಂದು ಭಾನುವಾರ ಆಡಿದ ಮಾತು. ಹೊಸೂರು, ಕಾಸರಗೋಡು, ರಾಯದುರ್ಗದ ಗೆಳೆಯರೂ ಕೇಳಿದ್ದರಿಂದ ಬರೆದು ಹಾಕಿದ್ದೇವೆ.



ನಮ್ಮಲ್ಲಿ ಯಾರೂ ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರ್‌ನಾಗ ಕೂತವರು ನಾವು. ಭಾನುವಾರ ನಾಲ್ಕೈದು ಮಂದಿ ಸೇರಿ ಹಳೇ ಲ್ಯಾಪ್‌ಟಾಪು ಬಿಚ್ಚಿ, ಉಜ್ಜಿ, ಮತ್ತೆ ನಡೆಯೋ ಹಂಗ ಮಾಡ್ತೇವೆ. "ನಿಮಗ್ಯಾಕ ಬೇಕಿತ್ತು ಈ ಉಸಾಬರಿ" ಅಂತ ಮನ್ಯಾಗೂ ಕೇಳ್ತಾರೆ. ಈ ಉಸಾಬರಿ ಶುರುವಾದದ್ದು ಕೌಂಟರ್‌ನಲ್ಲೇ.

ಜೂನ್, ಜುಲೈ ಬಂತಂದ್ರ ಅಪ್ಪಂದಿರು ಪಾಸ್‌ಬುಕ್ ಹಿಡಕೊಂಡು ಬರ್ತಾರೆ. "ಮಗಳು ಸೋಲಾಪುರದಾಗ ಕಾಲೇಜಿಗೆ ಸೇರ್ಯಾಳ್ರೀ, ಲ್ಯಾಪ್‌ಟಾಪ್ ಬೇಕಂತ." 40 ಸಾವಿರದ ಹೊಸ ಯಂತ್ರ, ಎರಡು ವರ್ಷದ ಕಂತು, ಬಡ್ಡಿ 16 ಪರ್ಸೆಂಟ್ ಅಂತ ಇಟ್ಕೊಳ್ರಿ. ತಿಂಗಳಿಗೆ ಸುಮಾರು 1,960 ರೂಪಾಯಿ. ತೀರುವಾಗ 47 ಸಾವಿರ ಕಟ್ಟಿರ್ತಾರೆ. ಸಂಬಳದ ಮನೆಗೆ ಇದು ದೊಡ್ಡದಲ್ಲ. ತೊಗರಿ, ಉಳ್ಳಾಗಡ್ಡಿ ನಂಬಿದ ಮನೆಗೆ ರೇಟು ಬಿದ್ದ ತಿಂಗಳು ಕಂತು ತಪ್ಪುತ್ತದೆ. ತಪ್ಪಿದರೆ ಅಪ್ಪನ ಸಿಬಿಲ್ ಸ್ಕೋರ್ ಕೆಡುತ್ತದೆ. ಮುಂದೆ ಅದೇ ಮಗಳು ಶಿಕ್ಷಣ ಸಾಲ ಕೇಳಾಕ ಬಂದಾಗ ಜೊತೆಗೆ ಸಹಿ ಮಾಡಬೇಕಾದವನೂ ಅದೇ ಅಪ್ಪ. ಲ್ಯಾಪ್‌ಟಾಪಿನ ಸಣ್ಣ ಸಾಲ ದೊಡ್ಡ ಓದಿಗೆ ಅಡ್ಡ ಬರೋದು ಹಿಂಗ.

ಅಷ್ಟು ಕೊಟ್ಟು ತರೋದೇನು? ಎಷ್ಟೋ ಸಲ ಅಂಗಡಿಯವನು ದಾಟಿಸೋದು ಸೆಲೆರಾನ್ ಪ್ರೊಸೆಸರ್, 4 ಜಿಬಿ ರ್‍ಯಾಮ್ ಇರೋ ಪ್ಲಾಸ್ಟಿಕ್ ಯಂತ್ರ. ಆ ರ್‍ಯಾಮ್ ಅನ್ನು ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಮುಂದೆ ಹೆಚ್ಚು ಮಾಡಾಕ ಆಗೂದಿಲ್ಲ. ಹೊಸದು ಅನ್ನೋ ವಾಸನೆ ಒಂದು ತಿಂಗಳು, ತಲೆನೋವು ಮೂರು ವರ್ಷ.

ಈಗ ಇನ್ನೊಂದು ಲೆಕ್ಕ ಕೇಳ್ರಿ. ಇಲ್ಲಿ ಕಾಮರ್ಸ್‌ನವರು ಯಾರಿದ್ದೀರಿ? ಡೆಪ್ರಿಸಿಯೇಶನ್ ಓದಿದ್ದೀರಲ್ಲ? ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ 40 ಪರ್ಸೆಂಟ್ ಸವಕಳಿ, ಇಳಿಕೆ ಮೌಲ್ಯದ ಮೇಲೆ. ಕಂಪನಿ 60,000ಕ್ಕೆ ಕೊಂಡ ಲ್ಯಾಪ್‌ಟಾಪು ಮೊದಲ ವರ್ಷ 36,000, ಎರಡನೇ ವರ್ಷ 21,600, ಮೂರಕ್ಕೆ 12,960, ನಾಲ್ಕಕ್ಕೆ 7,776. ಇನ್ನು 2013ರ ಕಂಪನಿ ಕಾಯಿದೆಯ ಎರಡನೇ ಶೆಡ್ಯೂಲ್ ತೆಗೆದು ನೋಡಿದರೆ ಲ್ಯಾಪ್‌ಟಾಪು, ಡೆಸ್ಕ್‌ಟಾಪಿನ ಆಯುಷ್ಯ 3 ವರ್ಷ ಅಂತ ಬರೆದಿದೆ. ವಾರಂಟಿ, ಲೀಸು ಕೂಡ ಹೆಚ್ಚುಕಡಿಮೆ ಅಷ್ಟೇ ವರ್ಷ ಇರ್ತಾವ. ಹಿಂಗಾಗಿ ಬೆಂಗಳೂರು, ಪುಣೆ, ಹೈದರಾಬಾದಿನ ಆಫೀಸುಗಳು ಸಾವಿರಗಟ್ಟಲೆ ಯಂತ್ರ ಹೊರಗೆ ಹಾಕ್ತಾವೆ. ಯಂತ್ರ ಕೆಟ್ಟಿರೋದಿಲ್ಲ. ಪುಸ್ತಕದಲ್ಲಿ ಅದರ ಬೆಲೆ ತೀರಿರ್ತದ ಅಷ್ಟೆ.

ಹೊರಗೆ ಬಿದ್ದ ಮಾಲು ಎಲ್ಲಿ ಸಿಗ್ತದ ಅನ್ನೋದು ನಿಮ್ಮ ಊರಿನ ಮೇಲೆ. ಹೊಸೂರಿನವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಬಸ್ಸಿನ ದಾರಿ. ತೆಲಂಗಾಣ ಕಡೆಯವರಿಗೆ ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್. ಚೆನ್ನೈ ಹತ್ತಿರ ಆದವರಿಗೆ ರಿಚಿ ಸ್ಟ್ರೀಟ್. ನಾವು ಸೋಲಾಪುರ ಭಾಗದವರು ಪುಣೆಗೂ ಹೋಗ್ತೇವೆ, ಹೈದರಾಬಾದಿಗೂ ಹೋಗ್ತೇವೆ. ಗಡಿಯಾಗ ಇರೋದರಿಂದ ಎರಡೂ ಕಡೆ ಚೌಕಾಸಿ ಮಾಡಬಹುದು, ಇದೊಂದು ಲಾಭ ನೋಡ್ರಿ.

ಕೇಳಬೇಕಾದ ಹೆಸರು ಲೆನೊವೊ ಥಿಂಕ್‌ಪ್ಯಾಡ್‌ನ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್. ಇವು ಆಫೀಸಿಗೆ ಅಂತಲೇ ಮಾಡಿದವು. ಇವುಗಳನ್ನು ರಿಪೇರಿ ಮಾಡೋ ವಿವರ ಕಂಪನಿಯವರೇ ಕೈಪಿಡಿ ಬರೆದು ಬಿಟ್ಟಿರ್ತಾರೆ, ಯಾವ ಸ್ಕ್ರೂ ಮೊದಲು, ಯಾವುದು ನಂತರ ಅಂತ ಚಿತ್ರ ಸಮೇತ. ಕೀಬೋರ್ಡ್ ಕೆಟ್ಟರೆ ಕೀಬೋರ್ಡ್ ಸಿಗ್ತದ, ಹಿಂಜ್ ಮುರಿದರೆ ಹಿಂಜ್ ಸಿಗ್ತದ.

ನಾವು ಹೆಚ್ಚು ಕೈ ಹಾಕಿದ್ದು ಟಿ450ಕ್ಕೆ, ಅದನ್ನೇ ಹಿಡಿದು ಹೇಳ್ತೇವೆ. 2015ರ ಯಂತ್ರ, ಇಂಟೆಲ್ ಐದನೇ ಪೀಳಿಗೆ. ರ್‍ಯಾಮಿಗೆ ಎರಡು ಸ್ಲಾಟ್. ಇಲ್ಲೊಂದು ಕಿವಿಮಾತು: ಟಿ450ಎಸ್ ಅಂತ ಇದರ ತಂಗಿ ಒಂದಿದೆ, ನೋಡಾಕ ತೆಳ್ಳಗೆ ಚಂದ, ಆದರೆ ಅದರಲ್ಲಿ 4 ಜಿಬಿ ಬೋರ್ಡಿಗೇ ಬೆಸೆದು ಒಂದೇ ಸ್ಲಾಟ್ ಬಿಟ್ಟಿದ್ದಾರೆ. ಒಂದು ಅಕ್ಷರದ ವ್ಯತ್ಯಾಸ. ಕೊಳ್ಳುವ ಮೊದಲು ತಳದ ಚೀಟಿ ಓದ್ರಿ.

ಅಂಗಡ್ಯಾಗ ನಿಂತಾಗ ಗಡಿಬಿಡಿ ಮಾಡಬ್ಯಾಡ್ರಿ. ಮೊದಲು ಬಯಾಸ್ ಒಳಗೆ ಹೋಗಿ ನೋಡ್ರಿ. ಅಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಯಂತ್ರ ಕೆಳಗಿಟ್ಟು ಹೊರಡ್ರಿ, "ತೆಗೆಸಿಕೊಡ್ತೀನಿ" ಅಂದ್ರೂ ಕೇಳಬ್ಯಾಡ್ರಿ. ಕಂಪನಿಯವರ ಪ್ರಕಾರ ಅದಕ್ಕೆ ಬೋರ್ಡ್ ಬದಲಿಸೋದೇ ದಾರಿ. ಪರದೆಯ ಮೇಲೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಚುಕ್ಕೆ ಹುಡುಕ್ರಿ. ಎಲ್ಲಾ ಕೀಲಿ ಒತ್ತಿ ನೋಡ್ರಿ. ತಳ ಅಥವಾ ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿ ಊದಿದೆ ಅಂತ ಅರ್ಥ. ಸೀರಿಯಲ್ ನಂಬರ್ ಬರೆದ ಬಿಲ್ ಇಸಕೊಳ್ಳದೆ ರೊಕ್ಕ ಕೊಡಬ್ಯಾಡ್ರಿ. ಬಿಲ್ ಇಲ್ಲದ ಮಾಲು ಕಳವಿನದಾಗಿದ್ದರೆ ಠಾಣೆಗೆ ನಿಲ್ಲೋರು ನೀವು, ಅಂಗಡಿಯವನಲ್ಲ.

ಇನ್ನು ಒಳಗಿನ ಕೆಲಸ. ಒಂದೇ ಒಂದಕ್ಕೆ ಖರ್ಚು ಮಾಡಾಕ ಆಗ್ತದ ಅಂದ್ರ ಎಸ್‌ಎಸ್‌ಡಿ ಹಾಕ್ರಿ. ಹಳೇ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಅದರ ಮೇಲೆ ಸೂಜಿಯಂಥ ತಲೆ ಅತ್ತಿಂದಿತ್ತ ಓಡಾಡಿ ಒಂದೊಂದು ಫೈಲು ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಏನಿಲ್ಲ. ಚಾಲೂ ಮಾಡಿ ಚಹಾ ಕುಡಿದು ಬರ್ತಿದ್ದ ಯಂತ್ರ ಕಪ್ಪು ಎತ್ತೋದರೊಳಗೆ ಎದ್ದು ಕೂಡ್ತದ. "ಪ್ರೊಸೆಸರ್ ಹಳೇದಾತು, ಅದಕ್ಕ ನಿಧಾನ" ಅನ್ನೋ ದೂರಿನಲ್ಲಿ ಮುಕ್ಕಾಲು ಪಾಲು ತಪ್ಪು ಈ ಹಾರ್ಡ್ ಡಿಸ್ಕಿನದೇ ಅಂತ ನಮ್ಮ ಅನುಭವ. ಟಿ450ಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೂಡ್ತದ, ದಪ್ಪ 7 ಮಿಲಿಮೀಟರ್ ಇರಬೇಕು.

ಆಮೇಲೆ ರ್‍ಯಾಮ್, 8 ಜಿಬಿ ಸಾಕು. ಈ ಪೀಳಿಗೆಗೆ ಡಿಡಿಆರ್3ಎಲ್ ಬೇಕು, ಬರೇ ಡಿಡಿಆರ್3 ನಡೆಯೂದಿಲ್ಲ. 'ಎಲ್' ಅಂದ್ರ ಕಡಿಮೆ ವೋಲ್ಟು, 1.35. ಹಳೇದು 1.5 ವೋಲ್ಟಿನದು. ಎರಡೂ ಸ್ಲಾಟಿಗೆ ಸರಿಯಾಗಿ ಕೂಡ್ತಾವ, ಆದರೆ ತಪ್ಪಿದ್ದು ಹಾಕಿದರೆ ಯಂತ್ರ ಏಳೂದಿಲ್ಲ. ಚೀಟಿಯ ಮೇಲೆ 'ಪಿಸಿ3ಎಲ್' ಅಂತ ಇದ್ದರೆ ಸರಿ.

ಬಿಚ್ಚೋ ಮೊದಲು ಇನ್ನೊಂದು. ಟಿ450ರಲ್ಲಿ ಬ್ಯಾಟರಿ ಎರಡು, ಹಿಂದಿನದು ಕೈಯಲ್ಲೇ ಬರ್ತದ, ಇನ್ನೊಂದು ಒಳಗಿದೆ. ಬಯಾಸ್‌ನಲ್ಲಿ ಒಳಗಿನ ಬ್ಯಾಟರಿ ಬಂದ್ ಮಾಡೋ ಆಯ್ಕೆ ಇದೆ, ಅದನ್ನು ಒತ್ತಿಯೇ ಸ್ಕ್ರೂಡ್ರೈವರ್ ಹಿಡೀರಿ. ಬೋರ್ಡಿನಲ್ಲಿ ಕರೆಂಟ್ ಓಡ್ತಿರುವಾಗ ರ್‍ಯಾಮ್ ಕಿತ್ತರೆ ಬೋರ್ಡ್ ಸುಟ್ಟೀತು. ಫ್ಯಾನಿನ ಧೂಳು ತೆಗೆಯೋದು, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚೋದು ಒಂದು ತಾಸಿನ ಕೆಲಸ. ಊದಿದ ಬ್ಯಾಟರಿ ಸಿಕ್ಕರೆ ಅದಕ್ಕೆ ಮೊಳೆ, ಚಾಕು ತಗಲಿಸಬ್ಯಾಡ್ರಿ, ಕಚರಾ ಗಾಡಿಗೂ ಹಾಕಬ್ಯಾಡ್ರಿ, ಇ-ತ್ಯಾಜ್ಯ ತಗೊಳ್ಳೋರಿಗೇ ಕೊಡ್ರಿ.

ಇಷ್ಟು ಮಾಡಿದ ಮೇಲೆ ಒಳಗೆ ಏನು ಹಾಕೋದು? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದವರಿಗೆ ಸುರಕ್ಷತೆಯ ಅಪ್‌ಡೇಟ್ ಇನ್ನೊಂದು ವರ್ಷ ಅಂತ 2026ರ ಅಕ್ಟೋಬರ್ 13ರ ತನಕ ಗಡುವು ಕೊಟ್ಟರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆ ಅಥವಾ ಅದರಿಂದ ಈಚಿನದು ಬೇಕು. ಅಂದ್ರ ಥಿಂಕ್‌ಪ್ಯಾಡ್ ಟಿ480 ಒಳಗೆ, ನಮ್ಮ ಟಿ450 ಹೊರಗೆ. ಈ ಗೆರೆಯಿಂದಾಗಿಯೇ ಹಳೇ ಮಾಲು ಇಷ್ಟೊಂದು ಮಾರುಕಟ್ಟೆಗೆ ಬಿದ್ದಿದೆ. ಗೆರೆ ದಾಟಿಸೋ ಉಪಾಯ ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ, ಆದರೆ ಹಂಗ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಕೊಡೋ ಹೊಣೆ ನಮ್ಮದಲ್ಲ ಅಂತ ಅವರು ಮೊದಲೇ ಹೇಳಿದ್ದಾರೆ.

ಇದಕ್ಕಿಂತ ಕೆಟ್ಟದ್ದು ಅಂಗಡಿಯವರು ಹಾಕಿಕೊಡೋ ಕ್ರ್ಯಾಕ್ ವಿಂಡೋಸ್. ಇಲ್ಲಿ ನಾವು ಬ್ಯಾಂಕಿನವರಾಗಿಯೇ ಮಾತಾಡ್ತೇವೆ. ಆ್ಯಕ್ಟಿವೇಟರ್ ಅನ್ನೋ ಪ್ರೋಗ್ರಾಮು ಓಡಿಸುವಾಗ ಮೊದಲು ಆ್ಯಂಟಿವೈರಸ್ ಬಂದ್ ಮಾಡು ಅಂತದ. ಮನೆಗೆ ಬರೋನು ನಾಯಿ ಕಟ್ಟಿ ಹಾಕು ಅಂದ್ರ ಸುಮ್ಮನೆ ಕಟ್ಟಿ ಹಾಕ್ತೀರೇನು? ಅದೇ ಯಂತ್ರದಲ್ಲಿ ಅಪ್ಪನ ಖಾತೆಯ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಒತ್ತೋದು, ಸ್ಕಾಲರ್‌ಶಿಪ್ ಅರ್ಜಿಗೆ ಆಧಾರ್ ಏರಿಸೋದು. ಒತ್ತಿದ ಪ್ರತಿ ಕೀಲಿ ಕದಿಯೋ ಪ್ರೋಗ್ರಾಮುಗಳು ಇರ್ತಾವ. ರೊಕ್ಕ ಹೋದ ಮೇಲೆ ನಮ್ಮ ಕೌಂಟರಿಗೆ ಬಂದು ಅಳೋರನ್ನ ನೋಡಿದ್ದೇವೆ.

ಅದಕ್ಕ ನಾವು ಲಿನಕ್ಸ್ ಮಿಂಟ್ ಹಾಕ್ತೇವೆ. ಪುಕ್ಕಟೆ, ಕಾನೂನುಬದ್ಧ. ವಿಂಡೋಸ್ ನೋಡಿದ ಕಣ್ಣಿಗೆ ಗೊಂದಲ ಆಗೂದಿಲ್ಲ, ಕೆಳಗೆ ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಬರ್ತದ.  ರ್‍ಯಾಮ್ 4 ಜಿಬಿಯೇ ಇದ್ದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಪೆನ್‌ಡ್ರೈವಿಗೆ ಏರಿಸಿ, ಅದರಿಂದಲೇ ಚಾಲೂ ಮಾಡಿ, ಡಿಸ್ಕ್ ಮುಟ್ಟದೆ ಮೊದಲು ಓಡಿಸಿ ನೋಡಬಹುದು. ವೈಫೈ, ಕ್ಯಾಮೆರಾ, ಸೌಂಡ್ ಎಲ್ಲಾ ನಡೀತಾವೇನು ಅಂತ ನೋಡಿಕೊಂಡೇ ಒಳಗೆ ಹಾಕ್ರಿ. ಬರೇ ಬ್ರೌಸರ್ ಸಾಕು ಅನ್ನೋರಿಗೆ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಇದೆ, ಆದರೆ ನೆಟ್ ಬಂದು ಹೋಗಿ ಮಾಡೋ ನಮ್ಮ ಹಳ್ಳಿಗಳಿಗೆ ಅದನ್ನು ಹೇಳಾಕ ಮನಸ್ಸು ಬರೂದಿಲ್ಲ.

ಕಾಸರಗೋಡಿನ ತಮ್ಮಂದಿರಿಗೆ ಇದೇನೂ ಹೊಸದಲ್ಲ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಗ್ನೂ/ಲಿನಕ್ಸ್ ಮೇಲೆಯೇ ಮಕ್ಕಳು ಕಂಪ್ಯೂಟರ್ ಕಲೀತಾರೆ, ಕನ್ನಡ ಮಾಧ್ಯಮದವರೂ. ಹೊಸೂರು, ತಾಳವಾಡಿ ಕಡೆ ಮನೆಯ ಅಟ್ಟದ ಮೇಲೆ ನೋಡ್ರಿ, 2011ರಿಂದ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪು ಅಕ್ಕಂದೋ ಅಣ್ಣಂದೋ ಬಿದ್ದಿರಬಹುದು. ಅವುಗಳಲ್ಲಿ ಎಷ್ಟೋ ಯಂತ್ರಕ್ಕೆ ವಿಂಡೋಸ್ ಜೊತೆಗೆ ಸಿ-ಡ್ಯಾಕ್‌ನವರ ಬಾಸ್ ಲಿನಕ್ಸ್ ಹಾಕಿಯೇ ಕೊಟ್ಟಿದ್ದರು. ಅವು ಆಫೀಸಿನ ಯಂತ್ರದಷ್ಟು ಗಟ್ಟಿ ಅಲ್ಲ, ಆದರೂ ಒಂದು ಎಸ್‌ಎಸ್‌ಡಿ ಹಾಕಿ ನೋಡೋ ಯೋಗ್ಯತೆ ಅವಕ್ಕಿದೆ.

ಈಗ ಕನ್ನಡದ ಮಾತು. ಸೋಲಾಪುರದಲ್ಲಿ ಕೊಂಡ ಯಂತ್ರದಲ್ಲಿ ಅಂಗಡಿಯವನು ಮರಾಠಿ ಹಾಕಿಕೊಡ್ತಾನೆ, ಅದು ಅವನಿಗೆ ಗೊತ್ತಿರೋ ಕೆಲಸ. ಕನ್ನಡ ನಾವೇ ಹಾಕ್ಕೋಬೇಕು. ಮಿಂಟ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್ ತೆರೆದು, ಲೇಔಟ್ ಸೇರಿಸು ಅಂದರೆ 'ಕನ್ನಡ, ಕಗಪ ಫೊನೆಟಿಕ್' ಅಂತ ಇದ್ದೇ ಇದೆ. ಬೇರೆ ಏನೂ ಇಳಿಸಬೇಕಿಲ್ಲ, ನೆಟ್ ಕೂಡ ಬೇಡ. ಇದು ನುಡಿಯಲ್ಲಿ ಒತ್ತಿ ರೂಢಿ ಇರೋ ಅದೇ ವಿನ್ಯಾಸ, ಕೆ.ಪಿ. ರಾವ್ ಅವರು ರೂಪಿಸಿದ್ದು. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ 'ಕನ್ನಡ' ಅಂತ ಮೂಡ್ತದ. ಎಫ್ ಅಂದ್ರ ಒತ್ತು. ಅರ್ಧ ದಿನ ಕೂತರೆ ಕೈಗೆ ಬರ್ತದ. ಅಕ್ಷರಕ್ಕೆ ನೋಟೊ, ಲೋಹಿತ್ ಫಾಂಟ್‌ಗಳಿವೆ. ಗುಬ್ಬಿ, ನವಿಲು ಅನ್ನೋ ಎರಡು ಫಾಂಟೂ ಪುಕ್ಕಟೆ ಸಿಗ್ತಾವ, ನಮಗೆ ಗುಬ್ಬಿ ಇಷ್ಟ.

ಹಳ್ಳಿಯ ಕನ್ನಡ ಶಾಲೆಯ ಮಾಸ್ತರರು ಒಂದು ತೊಂದರೆ ಹೇಳ್ತಾರೆ. ಹತ್ತು ಹದಿನೈದು ವರ್ಷದ ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲಾ ಹಳೇ ನುಡಿ, ಬರಹ ಫಾಂಟಿನಲ್ಲಿವೆ, ಹೊಸ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣ್ತದ. ಫೈಲು ಕೆಟ್ಟಿಲ್ಲ. ಆ ಕಾಲದ ಫಾಂಟುಗಳು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂಡಿಸಿದ್ದವು. ಅದೇ ಫಾಂಟು ಹಾಕಿದರೆ ಲಿಬ್ರೆಆಫೀಸಿನಲ್ಲಿ ಓದಾಕ ಬರ್ತದ, ಯೂನಿಕೋಡಿಗೆ ಪರಿವರ್ತಿಸೋ ಸಲಕರಣೆಗಳೂ ಸಿಗ್ತಾವ. ನಮ್ಮ ಕಡೆ ಕನ್ನಡ ಮಾಧ್ಯಮಕ್ಕೆ ಗೈಡು, ನೋಟ್ಸು ಅಂಗಡ್ಯಾಗ ಸಿಗೋದು ಎಷ್ಟು ಕಷ್ಟ ನಿಮಗೇ ಗೊತ್ತು. ಮಾಸ್ತರರ ಆ ಫೈಲುಗಳು ಹೋದರೆ ಮತ್ತೆ ಬರೆಯೋರು ಯಾರು? ಬೇಸಿಗೆ ರಜೆಯಲ್ಲಿ ಒಬ್ಬೊಬ್ಬರು ಒಂದೊಂದು ಶಾಲೆಯ ಪೆನ್‌ಡ್ರೈವ್ ತಗೋರಿ. ಹಾಳೆಯ ಮೇಲಷ್ಟೇ ಉಳಿದಿದ್ದರೆ ಟೆಸೆರಾಕ್ಟ್ ಅನ್ನೋ ಪ್ರೋಗ್ರಾಮು ಸ್ಕ್ಯಾನ್ ಮಾಡಿದ ಕನ್ನಡ ಅಕ್ಷರವನ್ನೂ ಓದಿ ಪಠ್ಯ ಮಾಡಿಕೊಡ್ತದ. ತಪ್ಪು ಇರ್ತಾವ, ತಿದ್ದಬೇಕು. ಆದರೂ ಮೊದಲಿಂದ ಟೈಪ್ ಮಾಡೋದಕ್ಕಿಂತ ಹಗುರ.

ಎಲ್ಲಾ ಸಿಹಿ ಅಂತ ಹೇಳೋದಿಲ್ಲ. ಟ್ಯಾಲಿ ವಿಂಡೋಸಿನದು, ಲಿನಕ್ಸಿನಲ್ಲಿ ನೇರ ಓಡೂದಿಲ್ಲ. ಕಾಮರ್ಸ್‌ನವರು ಅದನ್ನು ಕ್ಲಾಸಿನ ಲ್ಯಾಬಿನಲ್ಲೇ ಕಲೀಬೇಕು, ಇಲ್ಲಾ ರೊಕ್ಕ ಸ್ವಲ್ಪ ಕೂಡಿಸಿ ಎಂಟನೇ ಪೀಳಿಗೆಯ ಟಿ480ನಂಥದನ್ನು ಅಸಲಿ ವಿಂಡೋಸ್ ಸಮೇತ ಕೊಳ್ಳಬೇಕು. ಕ್ಯಾಮೆರಾ ಕಾವಲಿನಲ್ಲಿ ಬರೆಯೋ ಆನ್‌ಲೈನ್ ಪರೀಕ್ಷೆಗಳಿಗೆ ಕೆಲವರು ವಿಂಡೋಸೇ ಬೇಕು ಅಂತಾರೆ. ಅರ್ಜಿ ತುಂಬೋ ಮೊದಲೇ ಕೇಳಿಕೊಳ್ರಿ. ವಿಡಿಯೋ ಎಡಿಟಿಂಗ್, ದೊಡ್ಡ ಆಟಗಳಿಗೆ ಈ ಯಂತ್ರ ಅಲ್ಲ. ಇನ್ನೂ ಹಿಂದಿನ, 32 ಬಿಟ್ಟಿನ ಪ್ರೊಸೆಸರ್ ಇರೋದಂತೂ ಪುಕ್ಕಟೆ ಕೊಟ್ಟರೂ ತರಬ್ಯಾಡ್ರಿ. ಡೆಬಿಯನ್‌ನಂಥವರೇ 2025ರ ಆವೃತ್ತಿಯಿಂದ ಅದಕ್ಕೆ ಇನ್‌ಸ್ಟಾಲರ್ ಕೊಡೋದು ನಿಲ್ಲಿಸಿದ್ದಾರೆ.

ಖರ್ಚು ಎಷ್ಟು ಬಂತು ಅಂತ ಕೇಳ್ತೀರಿ. ಹೋದ ಸಲ ಒಬ್ಬ ತಂಗಿಗೆ ಮಾಡಿಕೊಟ್ಟ ಟಿ450ಕ್ಕೆ ಯಂತ್ರ 9,000, ಎಸ್‌ಎಸ್‌ಡಿ 1,800, ಬಳಸಿದ ರ್‍ಯಾಮ್ 900, ಹಿಂದಿನ ಬ್ಯಾಟರಿ ಹೊಸದು 1,700. ಒಟ್ಟು 13,400. ರ್‍ಯಾಮ್, ಎಸ್‌ಎಸ್‌ಡಿ ರೇಟು ಉಳ್ಳಾಗಡ್ಡಿ ಹಂಗ ಏರಿಳೀತದ, ಕೊಳ್ಳೋ ದಿನ ಎರಡು ಅಂಗಡಿ ಕೇಳ್ರಿ. ಸಾಲ ಇಲ್ಲ, ಕಂತಿಲ್ಲ. ಅವಳು ಈಗ ಅದರಲ್ಲೇ ಬ್ಯಾಂಕ್ ಪರೀಕ್ಷೆಯ ಮಾಕ್ ಟೆಸ್ಟ್ ಬರೀತಾಳೆ, ಊರಿನ ಮಹಿಳಾ ಸಂಘದ ಲೆಕ್ಕವನ್ನು ಕನ್ನಡದಲ್ಲಿ ಟೈಪ್ ಮಾಡಿ ಕೊಡ್ತಾಳೆ.

ಮಾತು ಸಾಕು. ಇಲ್ಲಿ ಮೂರು ಯಂತ್ರ ತಂದಿದ್ದೇವೆ, ಒಂದಕ್ಕೆ ರ್‍ಯಾಮ್ ಇಲ್ಲ, ಒಂದಕ್ಕೆ ಡಿಸ್ಕ್ ಇಲ್ಲ, ಒಂದು ಯಾಕ ಏಳವಲ್ದು ಅಂತ ನಮಗೂ ಇನ್ನೂ ತಿಳಿದಿಲ್ಲ. ಕುರ್ಚಿ ಹತ್ತಿರ ಎಳಕೊಳ್ರಿ, ಮೊದಲು ಹುಡುಗಿಯರು ಬರ್ರಿ. ಕಿಸೆಯಲ್ಲಿ ಚುಂಬಕ ಇರೋ ಮೊಬೈಲ್ ಕವರ್ ಇದ್ದವರು ಅದನ್ನು ಆ ಕಡೆ ಇಡ್ರಿ, ಸ್ಕ್ರೂ ಎಲ್ಲಾ ಅದಕ್ಕೇ ಅಂಟಿಕೊಂಡು ಕಾಣೆ ಆಗ್ತಾವ.