ಕೆಂಪಾಗುವ ಹೊಳೆ

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಮತ್ತೊಂದು ವಿಡಿಯೊ ಬಂತು, ಜಗತ್ತಿನಲ್ಲಿ ನೋಡಲೇಬೇಕಾದ ನದಿಗಳು ಅಂತ. ಒಂದನ್ನು ಸರಿಯಾಗಿ ನೋಡುವ ಮೊದಲೇ ಇನ್ನೊಂದು. ನಡುವೆ ಒಂದು ಹೊಳೆ ಕಡುಗೆಂಪಾಗಿ ಹರಿದುಹೋಯಿತು. ಚಿಕ್ಕಪ್ಪ ಕೂಡಲೇ ಬರೆದರು: "ಎಲ್ಲಾ ಕಂಪ್ಯೂಟರ್ ಬಣ್ಣ ಕಣ್ರೋ, ನಂಬಬೇಡಿ." ಈ ಕಾಲಕ್ಕೆ ಅಂಥ ಅನುಮಾನ ಒಳ್ಳೆಯದೇ. ಆದರೆ ಆ ಹೊಳೆಯ ಬಣ್ಣ ಮಾತ್ರ ನಿಜ.

ಅದು ಇರುವುದು ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ. ಹೆಸರು ಕಾನ್ಯೊ ಕ್ರಿಸ್ತಾಲೆಸ್. ಮಕರೇನಾ ಬೆಟ್ಟಸಾಲಿನಲ್ಲಿ ಬಂಡೆಯಿಂದ ಬಂಡೆಗೆ ಧುಮುಕುತ್ತಾ ಬಂದು ಗ್ವಾಯಬೆರೊ ಎಂಬ ದೊಡ್ಡ ನದಿಯನ್ನು ಸೇರುತ್ತದೆ. ಅಲ್ಲಿನ ಬಂಡೆಗೆ ನೂರು ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಅಂಥ ಗಟ್ಟಿ ಬಂಡೆ ನೀರಿಗೆ ಹೂಳನ್ನೂ ಬಿಡದು, ಸಾರವನ್ನೂ ಬಿಡದು. ಹಾಗಾಗಿ ನೀರು ತೀರಾ ತಿಳಿ, ಮೀನು ಅಪರೂಪ. ಆ ತಿಳಿನೀರಿನ ತಳದಲ್ಲಿ ಒಂದು ಗಿಡ ಬಂಡೆಯನ್ನು ಕಚ್ಚಿಕೊಂಡು ಬೆಳೆಯುತ್ತದೆ. ಕೆಂಪು ಆ ಗಿಡದ್ದು. ಪಾಚಿಯಲ್ಲ ಅದು, ಹೂಬಿಟ್ಟು ಬೀಜ ಕಟ್ಟುವ ಗಿಡ. ಸೆಳವಿನಲ್ಲಿ ಕೆಂಪು ರೇಷ್ಮೆಯ ಲಡಿ ಬಿಚ್ಚಿಟ್ಟಂತೆ ತೊನೆಯುತ್ತಿರುತ್ತದೆ.

ಈ ಕೆಂಪು ಬಹಳ ನಾಜೂಕಿನದು. ನೀರು ಹೆಚ್ಚಾದರೆ ಬಿಸಿಲು ತಳ ಮುಟ್ಟುವುದಿಲ್ಲ, ಬಣ್ಣವೇರುವುದಿಲ್ಲ. ಕಡಿಮೆಯಾದರೆ ಗಿಡ ಒಣಗುತ್ತದೆ. ಮರದ ನೆರಳು ಬೀಳುವ ಕಡೆ ಇದೇ ಗಿಡ ಹಸಿರಾಗಿಯೇ ಉಳಿದುಬಿಡುತ್ತದೆ. ಎಲ್ಲ ಕೂಡಿಬರುವುದು ಹೆಚ್ಚುಕಡಿಮೆ ಜೂನ್‌ನಿಂದ ನವೆಂಬರ್‌ವರೆಗೆ. ಉಳಿದ ದಿನಗಳಲ್ಲಿ ಅದೂ ಒಂದು ಸಾಮಾನ್ಯ ಹೊಳೆ.

ನೋಡಲು ಹೋಗುವವರು ಮೈಗೆ ಬಿಸಿಲಿನ ಕ್ರೀಮು ಹಚ್ಚುವಂತಿಲ್ಲ. ಸೊಳ್ಳೆಯ ಮುಲಾಮೂ ಕೂಡದು, ಕಚ್ಚಿಸಿಕೊಳ್ಳಲು ಮನಸ್ಸಿಲ್ಲದವರು ತುಂಬುತೋಳಿನ ಅಂಗಿ ತೊಡಬೇಕು. ಮಳೆಯಿಲ್ಲದ ತಿಂಗಳುಗಳಲ್ಲಿ ಪ್ರವಾಸಿಗರನ್ನೇ ಬಿಡುವುದಿಲ್ಲ. ಹೊಳೆಗೆ ರಜೆ! ನನಗಂತೂ ಬಣ್ಣಕ್ಕಿಂತ ಈ ರಜೆಯೇ ಹೆಚ್ಚು ಹಿಡಿಸಿತು. ಹಿಂದೆ ವರ್ಷಗಟ್ಟಲೆ ಆ ಕಡೆ ಯಾರೂ ಹೋಗದಿದ್ದದ್ದೂ ಉಂಟು, ಆದರೆ ಅದು ಬೇರೆ ಕಾರಣಕ್ಕೆ. ಮಕರೇನಾ ಸೀಮೆ ಫಾರ್ಕ್ ಬಂಡುಕೋರರ ಹಿಡಿತದಲ್ಲಿತ್ತು. ಸರ್ಕಾರ ಮತ್ತು ಅವರ ನಡುವೆ ಶಾಂತಿ ಒಪ್ಪಂದವಾದದ್ದು 2016ರಲ್ಲಿ. ಮನುಷ್ಯರು ಬಡಿದಾಡುತ್ತಿದ್ದಷ್ಟು ಕಾಲವೂ ಗಿಡ ಮಾತ್ರ ವರ್ಷ ವರ್ಷ ಕೆಂಪಾಗುತ್ತಲೇ ಇದ್ದಿರಬೇಕು.

ಬೊಗೋಟಾವರೆಗೆ ವಿಮಾನ, ಅಲ್ಲಿಂದ ಸಣ್ಣ ವಿಮಾನ, ಆಮೇಲೆ ದೋಣಿ, ಆಮೇಲೆ ನಡಿಗೆ. ಕೈಯಲ್ಲಿ ಕಾಸು, ಕಾಲಲ್ಲಿ ಕಸುವು ಇರುವವರು ಧಾರಾಳವಾಗಿ ಹೋಗಿಬರಲಿ. ನಮ್ಮಂಥವರಿಗೆ ಇನ್ನೊಂದು ದಾರಿ ಇದೆ. ಆ ಗಿಡದ ಕುಟುಂಬಕ್ಕೆ ಸಸ್ಯಶಾಸ್ತ್ರದಲ್ಲಿ ಪೊಡೊಸ್ಟೆಮೇಸಿ ಎನ್ನುತ್ತಾರೆ. ಅದರ ದಾಯಾದಿಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇವೆ. ಬೇರೆ ಗಿಡ ಕೊಚ್ಚಿಹೋಗುವಂಥ ರಭಸದ ನೀರೇ ಇವುಗಳಿಗೆ ಬೇಕು. ಮಳೆಗಾಲವೆಲ್ಲ ನೀರಿನಡಿ ಬಂಡೆಗೆ ಅಂಟಿಕೊಂಡಿದ್ದು, ಹೊಳೆ ಇಳಿದು ಬಂಡೆ ಮೇಲೆ ಬರುತ್ತಿದ್ದಂತೆ ಅವಸರ ಅವಸರವಾಗಿ ಪುಟ್ಟ ಹೂ ಬಿಟ್ಟು, ಬೀಜ ಉದುರಿಸಿ, ಒಣಗಿಹೋಗುತ್ತವೆ. ಬೀಜಕ್ಕೆ ಅಂಟು ಇರುತ್ತದೆ, ಅದರಿಂದ ಬಂಡೆ ಹಿಡಿದು ಮುಂದಿನ ಮಳೆಗೆ ಕಾಯುತ್ತದೆ. ಅಣೆಕಟ್ಟೆಯ ಹಿನ್ನೀರು ನಿಂತ ಕಡೆ ಇವುಗಳ ಬಾಳು ನಡೆಯದು, ನಿಂತ ನೀರು ಇವಕ್ಕೆ ಒಗ್ಗುವುದಿಲ್ಲ. ಕೊಲಂಬಿಯಾದ ಕೆಂಪಿನ ಆ ವೈಭವ ಇಲ್ಲಿಲ್ಲ, ನಿಜ. ಅದಕ್ಕೇ ಇರಬೇಕು, ನಾವು ಪಾಚಿ ಎಂದುಕೊಂಡು ತುಳಿದು ದಾಟಿಬಿಡುತ್ತೇವೆ.

ಈ ಸಲ ಮಳೆ ನಿಂತ ಮೇಲೆ ಘಟ್ಟದ ಕಡೆ ಹೋದರೆ, ನೀರು ಆಗಷ್ಟೇ ಇಳಿದ ಬಂಡೆಯ ಅಂಚನ್ನು ಸ್ವಲ್ಪ ಬಗ್ಗಿ ನೋಡಿ. ಅಲ್ಲಿ ಬಟ್ಟೆ ತೊಳೆಯಬೇಡಿ, ಸೋಪು ಹಚ್ಚಿ ಸ್ನಾನ ಮಾಡಬೇಡಿ. ಚಪ್ಪಲಿಯನ್ನು ದಂಡೆಯಲ್ಲೇ ಬಿಟ್ಟು, ನೋಡಿಕೊಂಡು ಕಾಲಿಡಿ.