ಬೇಗ ಒಲಿಯುವ ಮಾತ್ರೆ, ನಿಧಾನದ ಮಾತ್ರೆ

ಮನೋವೈದ್ಯರ ಚೀಟಿ ಹಿಡಿದು ಬಂದವರನ್ನು ಮನೆಯವರು ಮೊದಲು ಕೇಳುವುದು, ‘ನಿದ್ದೆ ಮಾತ್ರೆ ಕೊಟ್ಟರಾ?’ ಎಂದು. ಆ ಚೀಟಿಯಲ್ಲಿ ಎಷ್ಟೋ ಸಲ ಎರಡು ಮಾತ್ರೆಗಳಿರುತ್ತವೆ. ಒಂದರ ಗುಣ ಇನ್ನೊಂದಕ್ಕಿಲ್ಲ.

ಮೊದಲನೆಯದು ಅಲ್‌ಪ್ರಜೋಲಾಂ, ಕ್ಲೋನಜೆಪಾಂ ಜಾತಿಯದು. ಮಿದುಳನ್ನು ತಣ್ಣಗಿಡುವ ಗಾಬಾ ಎಂಬ ರಾಸಾಯನಿಕಕ್ಕೆ ಇದರ ಒತ್ತಾಸೆ. ನುಂಗಿದ ಗಂಟೆಯೊಳಗೆ ಎದೆಬಡಿತ ತಗ್ಗುತ್ತದೆ, ಕಣ್ಣು ಎಳೆಯುತ್ತದೆ. ಆದರೆ ವಾರಗಳಲ್ಲೇ ದೇಹ ಇದಕ್ಕೆ ಒಗ್ಗಿಹೋಗಿ, ಒಂದು ಸಾಲದೆ ಎರಡು ಬೇಕೆನಿಸತೊಡಗುತ್ತದೆ.

ಎರಡನೆಯದು ಎಸಿಟಲೋಪ್ರಾಂ, ಸರ್ಟ್ರಲೀನ್ ಥರದ್ದು. ಖಿನ್ನತೆಗೂ ಆಗುತ್ತದೆ, ಆತಂಕಕ್ಕೂ ಆಗುತ್ತದೆ. ನರತುದಿಗಳು ತಾವೇ ಸುರಿಸಿದ ಸೆರೊಟೋನಿನ್ನನ್ನು ಮರಳಿ ಹೀರಿಕೊಳ್ಳದಂತೆ ಇದು ತಡೆಯುತ್ತದೆ. ಆ ತಡೆ ಮೊದಲ ದಿನವೇ ಶುರು. ಮನಸ್ಸು ಹಗುರಾಗಲು ಮಾತ್ರ ಎರಡರಿಂದ ಆರು ವಾರ ಬೇಕು. ಸೆರೊಟೋನಿನ್ ಕೊರತೆಯೇ ಖಿನ್ನತೆ ಎಂಬ ಸುಲಭದ ಕಥೆ ಪೂರ್ತಿ ನಿಜವಾಗಿದ್ದರೆ ಮರುದಿನವೇ ಗುಣ ಕಾಣಬೇಕಿತ್ತಲ್ಲ? ಸೆರೊಟೋನಿನ್ ಹೆಚ್ಚಿದ ಹೊಸ ಸ್ಥಿತಿಗೆ ಮಿದುಳು ಮೆಲ್ಲಗೆ ಹೊಂದಿಕೊಳ್ಳುವುದರಲ್ಲೇ ಗುಟ್ಟಿರಬೇಕು ಎಂದು ಈಗ ಅನೇಕ ತಜ್ಞರು ಭಾವಿಸುತ್ತಾರೆ.

ಖಿನ್ನತೆಗೆ ಔಷಧಿ ಉಂಟೆಂದು ಗೊತ್ತಾದದ್ದೇ ಆಕಸ್ಮಿಕವಾಗಿ. 1952ರ ಸುಮಾರಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಿಯಾಜಿಡ್ ಎಂಬ ಔಷಧಿ ಕೊಟ್ಟರು. ಶ್ವಾಸಕೋಶದ ಮಾತು ಹಾಗಿರಲಿ, ಹಾಸಿಗೆ ಹಿಡಿದವರಿಗೆ ಹಸಿವು ಹುಟ್ಟಿತು, ನಗು ಬಂತು, ಕುಣಿದವರೂ ಉಂಟು! ಇಂದಿನ ಮಾತ್ರೆಗಳು ಆ ವಂಶದವಲ್ಲ, ಆದರೆ ದಾರಿ ತೆರೆದದ್ದು ಅದು.

ಈ ಎರಡನೆಯ ಮಾತ್ರೆಯ ಪೇಚಾಟ ಇರುವುದು ಮೊದಲ ಎರಡು ವಾರಗಳಲ್ಲಿ. ಗುಣ ಕಾಣುವ ಮೊದಲೇ ವಾಕರಿಕೆ, ತಲೆನೋವು, ಕೆಲವರಿಗೆ ಇನ್ನಷ್ಟು ಚಡಪಡಿಕೆ. ಹದಿಹರೆಯದವರಲ್ಲಿ, ಎಳೆಯ ಪ್ರಾಯದವರಲ್ಲಿ ಸಾಯುವ ಯೋಚನೆ ಹೆಚ್ಚಿದರೂ ಹೆಚ್ಚಬಹುದು. ಆಗ ಮನೆಯವರು ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಉಳಿದ ತೊಂದರೆಗಳು ಸಾಮಾನ್ಯವಾಗಿ ತಾವಾಗಿ ಇಳಿಯುತ್ತವೆ. ಅಷ್ಟರಲ್ಲೇ ‘ಇದು ನನಗೆ ಆಗಿಬರಲಿಲ್ಲ’ ಎಂದು ಎರಡನೆಯ ಮಾತ್ರೆಯನ್ನು ಮೂಲೆಗಿಟ್ಟು, ಹಾಯೆನಿಸಿದ ಮೊದಲನೆಯದನ್ನು ವರ್ಷಗಟ್ಟಲೆ ನುಂಗುವವರಿದ್ದಾರೆ. ಬಿಡಬೇಕಾದದ್ದನ್ನು ಹಿಡಿದು, ಹಿಡಿಯಬೇಕಾದದ್ದನ್ನು ಬಿಟ್ಟರು.

ಹಾಗೆಂದು ಇದನ್ನು ಕೇಳಿ ಇವತ್ತೇ ಯಾವುದನ್ನೂ ನಿಲ್ಲಿಸಬೇಡಿ. ಎರಡನೆಯದನ್ನು ಥಟ್ಟನೆ ಬಿಟ್ಟರೆ ತಲೆಯೊಳಗೆ ಕರೆಂಟು ಹೊಡೆದಂತಾಗಬಹುದು. ಬಹುಕಾಲ ತಿಂದ ಮೊದಲನೆಯದನ್ನು ಹಾಗೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಎರಡನ್ನೂ ಮೆಟ್ಟಿಲಿಳಿದಂತೆ ಇಳಿಸಬೇಕು. ಗುಣವಾದ ಮೇಲೂ ಎರಡನೆಯದನ್ನು ಕನಿಷ್ಠ ಆರು ತಿಂಗಳಾದರೂ ಮುಂದುವರಿಸುವುದು ವಾಡಿಕೆ.

ವೈದ್ಯರು ಹತ್ತಿರವಿಲ್ಲದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ವೈದ್ಯರ ಎದುರೇ ಕೂತಿದ್ದರೆ, ಚೀಟಿ ಮಡಚುವ ಮುನ್ನ ಕೇಳಿಬಿಡಿ: ‘ಡಾಕ್ಟ್ರೇ, ಇದರಲ್ಲಿ ಯಾವುದನ್ನ ಯಾವಾಗ ನಿಲ್ಲಿಸ್ತೀರಿ?’