ಬಿಸಿಲ ನಾಡಿನ ಮಕ್ಕಳ ಮೂಳೆ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ಬಿಸಿಲಿನ ಸೀಮೆ. ಇಲ್ಲಿನ ಮಕ್ಕಳಿಗೆ ಬಿಸಿಲಿನಿಂದ ಸಿಗುವ ವಿಟಮಿನ್ ಡಿ ಕೊರತೆಯಾಗುವುದೆಂದರೆ ನೀವು ನಂಬಲಿಕ್ಕಿಲ್ಲ. ಆದರೆ ಅದು ಸಾಧ್ಯ.

ಮೊದಲು ದೂರದ ಒಂದು ಉದಾಹರಣೆ ಕೇಳಿ. ಬ್ರಿಟನ್ನಿನ ಗ್ಲಾಸ್ಗೋ ನಗರಕ್ಕೆ ವಲಸೆ ಹೋಗಿದ್ದ ಪಾಕಿಸ್ತಾನಿ ಕುಟುಂಬಗಳಲ್ಲಿ ಮೂಳೆ ಮೆತ್ತಗಾಗುವ ರಿಕೆಟ್ಸ್ ಕಾಯಿಲೆ ಇರುವುದನ್ನು ವೈದ್ಯರು 1962ರಲ್ಲಿ ವರದಿ ಮಾಡಿದರು. ಅಲ್ಲಿ ಬಿಸಿಲು ಕಡಿಮೆ. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತಿನ ಬಿಸಿಲು ಬೇಕು. 1979ರಿಂದ ಅಲ್ಲಿ ಮಕ್ಕಳಿಗೆ ವಿಟಮಿನ್ ಡಿ ಉಚಿತವಾಗಿ ಹಂಚಿದ ಮೇಲೆ ಕಾಯಿಲೆ ಇಳಿಯಿತು.

ನಾವು ಶೀತದೇಶಕ್ಕೆ ಹೋಗಿಲ್ಲ, ನಿಜ. ಆದರೆ ನಮ್ಮ ಮಕ್ಕಳು ಬಯಲಿನಿಂದ ಒಳಮನೆಗೆ ವಲಸೆ ಹೋಗಿದ್ದಾರೆ. ತರಗತಿ, ಟ್ಯೂಷನ್, ಟಿವಿ, ಮೊಬೈಲು, ಕೆಲವು ಮನೆಗಳಲ್ಲಿ ಮಗ್ಗದ ಕೋಣೆ, ಇಷ್ಟರಲ್ಲೇ ದಿನ ಮುಗಿಯುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ವಿಟಮಿನ್ ಡಿ ಆಗುವುದಿಲ್ಲ. ಬೆಳಗಿನ ಎಳೆಬಿಸಿಲಿನಿಂದಲೂ ಅಷ್ಟಾಗಿ ಸಿಗದು. ಹನ್ನೊಂದರ ನಂತರದ ಬಿಸಿಲೇ ಬೇಕು. ಕೈಕಾಲು ತೆರೆದು ಹದಿನೈದು-ಇಪ್ಪತ್ತು ನಿಮಿಷ ಆಡಲಿ. ಬೇಸಿಗೆಯಲ್ಲಿ ಎಚ್ಚರ ಇರಲಿ. ಹೊರಗೆ ಮೈಮುಚ್ಚಿ ಓಡಾಡುವ ಹೆಣ್ಣುಮಕ್ಕಳಿಗೆ ಮನೆಯ ಅಂಗಳ, ಮಾಳಿಗೆ ಇವೆಯಲ್ಲ! ಬಸುರಿಯರೂ ಇದನ್ನು ಮರೆಯಬಾರದು. ತಾಯಿಗೆ ಕೊರತೆಯಾದರೆ ಹುಟ್ಟುವ ಮಗುವಿಗೂ ಕೊರತೆ.

ನಮ್ಮ ಸೀಮೆಗೆ ಇನ್ನೊಂದು ಕಷ್ಟವಿದೆ. ಈ ಎರಡೂ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಊಟದಲ್ಲಿ ಸುಣ್ಣದ ಅಂಶ ಕಡಿಮೆಯಿದ್ದರೆ ಫ್ಲೋರೈಡ್ ಮೂಳೆಯನ್ನು ಇನ್ನಷ್ಟು ಕೆಡಿಸುತ್ತದೆ, ಮಕ್ಕಳ ಕಾಲು ಸೊಟ್ಟಗಾಗಬಹುದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಂತೆ ಇನ್ನೂ ಗಟ್ಟಿಯಾಗುತ್ತದೆ. ಕುಡಿಯಲೂ ಅಡುಗೆಗೂ ಶುದ್ಧೀಕರಿಸಿದ ನೀರನ್ನೇ ಬಳಸಿ.

ಸುಣ್ಣದ ಅಂಶಕ್ಕೆ ದುಬಾರಿ ಟಾನಿಕ್ ಬೇಡ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಸೇರಲಿ. ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲಿದೆ. ಮಕ್ಕಳೇ, ಅದನ್ನು ಚೆಲ್ಲಬೇಡಿ. ಮೊಟ್ಟೆಯ ಹಳದಿ ಭಾಗದಲ್ಲಿ ಸ್ವಲ್ಪ ವಿಟಮಿನ್ ಡಿ ಇರುತ್ತದೆ.

ಮಗು ತಡವಾಗಿ ನಡೆದರೆ, ಮಣಿಕಟ್ಟು ದಪ್ಪವಾದರೆ, ಕಾಲು ಬಾಗಿದರೆ, ದೊಡ್ಡ ಮಕ್ಕಳು ಮೆಟ್ಟಿಲು ಹತ್ತಲು ನೋವೆಂದರೆ "ಬೆಳೆಯುವ ನೋವು" ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಎಳೆಯ ಮೂಳೆ ಬೇಗ ಚಿಕಿತ್ಸೆಯಾದರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಬೆಳೆದ ಮೇಲೆ ಕಷ್ಟ. ಆದರೆ ಅಂಗಡಿಯಿಂದ 60,000 ಯೂನಿಟ್ಟಿನ ಪುಡಿಯನ್ನು ತಾವೇ ತಂದು ಕೊಡಬೇಡಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಕೇಡು.

ವಿದ್ಯಾರ್ಥಿಗಳೇ, ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಮುಂದಿನ ವರ್ಷವಿದೆ. ಮೂಳೆ ಬೆಳೆಯುವ ವಯಸ್ಸು ಮತ್ತೆ ಬಾರದು. ಇಂದು ಮನೆಗೆ ಹೋದವರು ತಮ್ಮಂದಿರು, ತಂಗಿಯರನ್ನು ಕರೆದುಕೊಂಡು ನಾಳೆಯಿಂದಲೇ ಅಂಗಳಕ್ಕೆ ಇಳಿಯಿರಿ.